ಮಕ್ಕಳ ಹಲ್ಲಿನ ಎಕ್ಸ್-ರೇ: ಭಯ ಬೇಡ, ಸಿದ್ಧತೆ ಬೇಕು

ಹಲ್ಲಿನ ಎಕ್ಸ್-ರೇ ಕಿರಣಗಳಿಂದ ನೋವಾಗುವುದಿಲ್ಲ. ಪುಟ್ಟ ಮಕ್ಕಳನ್ನು ಕಾಡುವುದು ಬಾಯೊಳಗೆ ಒತ್ತುವ ಫಿಲ್ಮಿನ ಅಂಚು, ಉಕ್ಕಿ ಬರುವ ವಾಕರಿಕೆ ಹಾಗೂ ಕೆನ್ನೆಯ ಪಕ್ಕಕ್ಕೆ ಬಂದು ನಿಲ್ಲುವ ಅಪರಿಚಿತ ಯಂತ್ರ. ಮಗು ಅಲುಗಾಡಿದರೆ ಚಿತ್ರ ಕೆಡುತ್ತದೆ. ಮತ್ತೊಮ್ಮೆ ಚಿತ್ರವೆಂದರೆ ಮತ್ತೊಮ್ಮೆ ವಿಕಿರಣ. ಹೀಗಾಗಿ ಮಗುವಿನ ನೆಮ್ಮದಿಯು ಸುರಕ್ಷತೆಯ ಪ್ರಶ್ನೆಯೂ ಹೌದು.

ಏಕೆ ಅಗತ್ಯ?

ಹಾಲುಹಲ್ಲುಗಳು ಒಟ್ಟು 20. ದವಡೆಯ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡಿದ್ದಾಗ ಅವುಗಳ ನಡುವಿನ ಹುಳುಕು ಬರಿಗಣ್ಣಿಗೆ ಕಾಣದು. ಹಾಲುಹಲ್ಲಿನ ಎನಾಮಲ್ ತೆಳುವಾದುದರಿಂದ ಹುಳುಕು ಬೇಗನೆ ಒಳಗಿಳಿಯುತ್ತದೆ. ಹಲ್ಲುಗಳ ನಡುವೆ ಸಂದಿಯಿದ್ದು, ಹುಳುಕಿನ ಲಕ್ಷಣಗಳೂ ಇಲ್ಲದಿದ್ದರೆ ಸಾಮಾನ್ಯವಾಗಿ ಎಕ್ಸ್-ರೇ ಬೇಕಾಗುವುದಿಲ್ಲ.

ವಿಕಿರಣ ಎಷ್ಟು?

1896ರಲ್ಲಿ ಜರ್ಮನಿಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆಯಲು 25 ನಿಮಿಷ ಬೇಕಾಗಿತ್ತು. ಇಂದು ಕ್ಷಣಾರ್ಧ ಸಾಕು. ಆಧುನಿಕ ಉಪಕರಣದ ಒಂದು ಸಣ್ಣ ಚಿತ್ರದಿಂದ ದೊರೆಯುವ ವಿಕಿರಣ ಕೆಲವೇ ಮೈಕ್ರೊಸೀವರ್ಟ್. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೇಳು ಮೈಕ್ರೊಸೀವರ್ಟ್ ತಗಲುತ್ತದೆ. ಆದರೂ ಅನಗತ್ಯ ಚಿತ್ರ ಸಲ್ಲದು.

ಮನೆಯಲ್ಲಿ ಸಿದ್ಧತೆ

'ಹಲ್ಲಿನ ಫೋಟೊ ತೆಗೆಯುತ್ತಾರೆ' ಎಂದರೆ ಮಗುವಿಗೆ ಅರ್ಥವಾಗುತ್ತದೆ. 'ನೋಯುವುದಿಲ್ಲ, ಹೆದರಬೇಡ' ಎಂಬ ಮಾತೇ ನೋವನ್ನು ನೆನಪಿಸುತ್ತದೆ. 'ಹಠ ಮಾಡಿದರೆ ಡಾಕ್ಟರ್ ಸೂಜಿ ಚುಚ್ಚುತ್ತಾರೆ' ಎಂಬ ಬೆದರಿಕೆಯಂತೂ ಕೂಡದು. ಊಟವಾದ ಕೂಡಲೇ ಕರೆದೊಯ್ದರೆ ವಾಕರಿಕೆ ಹೆಚ್ಚುತ್ತದೆ.

ಕುರ್ಚಿಯಲ್ಲಿ

ಮಕ್ಕಳ ದಂತವೈದ್ಯರು 'ಹೇಳು, ತೋರಿಸು, ಮಾಡು' ಎಂಬ ಕ್ರಮವನ್ನು ಅನುಸರಿಸುತ್ತಾರೆ. ಅಮೆರಿಕದ ದಂತವೈದ್ಯ ಅಡಲ್‌ಸ್ಟನ್ 1959ರಲ್ಲಿ ಇದನ್ನು ವಿವರಿಸಿದ್ದರು. ಮೊದಲು ಯಂತ್ರದ ಪರಿಚಯ, ಬಳಿಕ ಫಿಲ್ಮನ್ನು ಮಗುವಿನ ಕೈಗೆ ಕೊಟ್ಟು ತೋರಿಸುವುದು, ಕೊನೆಗೆ ಚಿತ್ರ.

* ಪುಟ್ಟ ಬಾಯಿಗೆ 'ಸೊನ್ನೆ' ಅಳತೆಯ, ಸುಮಾರು 22x35 ಮಿ.ಮೀ. ಫಿಲ್ಮ್ ಸೂಕ್ತ. ಗಡುಸಾದ ಡಿಜಿಟಲ್ ಸೆನ್ಸರ್‌ಗಿಂತ ತೆಳುವಾದ ಫಾಸ್ಫರ್ ಫಲಕ ಹಿತಕರ.
* ಅಂಚಿಗೆ ಮೃದುವಾದ ಸ್ಪಂಜಿನ ಪಟ್ಟಿ ಅಂಟಿಸಿದರೆ ಒಸಡಿಗೆ ಒತ್ತುವುದಿಲ್ಲ.
* ಯಂತ್ರವನ್ನು ಮೊದಲೇ ಸಜ್ಜುಗೊಳಿಸಿ, ಫಿಲ್ಮನ್ನು ಕೊನೆಗೆ ಇಡಬೇಕು.
* ಮುಂದಿನ ಹಲ್ಲುಗಳಿಂದ ಆರಂಭಿಸಿದರೆ ಧೈರ್ಯ ಬರುತ್ತದೆ. ವಾಕರಿಕೆ ಹೆಚ್ಚು ದವಡೆಯ ಹಿಂಭಾಗದಲ್ಲೇ.
* ಮೂಗಿನಿಂದ ಉಸಿರಾಡಿಸುವುದು, ಕಾಲ್ಬೆರಳು ಅಲ್ಲಾಡಿಸಲು ಹೇಳುವುದು ಗಮನವನ್ನು ಬೇರೆಡೆ ಸೆಳೆಯುತ್ತದೆ. ನಾಲಗೆಯ ತುದಿಗೆ ಚಿಟಿಕೆ ಉಪ್ಪು ಹಚ್ಚುವುದೂ ರೂಢಿಯಲ್ಲಿದೆ.

ತೀರಾ ಚಿಕ್ಕ ಮಗುವನ್ನು ತಂದೆ ಅಥವಾ ತಾಯಿ ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಹಿಡಿದುಕೊಳ್ಳುವವರಿಗೆ ಸೀಸದ ಏಪ್ರನ್ ಬೇಕು, ಗರ್ಭಿಣಿಯರು ಹಿಡಿದುಕೊಳ್ಳಬಾರದು. ಮಗುವಿನ ಏಪ್ರನ್ ಕುರಿತ ಅಭಿಪ್ರಾಯ ಮಾತ್ರ ಬದಲಾಗಿದೆ. ಕಿರಣವನ್ನು ಅಗತ್ಯವಿರುವಷ್ಟೇ ಜಾಗಕ್ಕೆ ಸೀಮಿತಗೊಳಿಸಿದರೆ ರೋಗಿಗೆ ಅದರ ಅಗತ್ಯವಿಲ್ಲವೆಂದು ಅಮೆರಿಕದ ದಂತವೈದ್ಯ ಸಂಘ 2024ರಲ್ಲಿ ತಿಳಿಸಿದೆ. ಆಯಾ ದೇಶದ ನಿಯಮವೇ ಅಂತಿಮ.

ಒಪ್ಪದಿದ್ದರೆ?

ತುರ್ತಿಲ್ಲದಿದ್ದರೆ ಮುಂದೂಡುವುದೇ ಲೇಸು. ಬಲವಂತದಿಂದ ಒಂದು ಚಿತ್ರ ದೊರೆಯಬಹುದು. ಆದರೆ ದಂತವೈದ್ಯರ ಭಯ ಬಹುಕಾಲ ಉಳಿದೀತು. ಎಕ್ಸ್-ರೇ ಏಕೆ ಬೇಕು, ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಎಂದು ಕೇಳುವ ಹಕ್ಕು ಪೋಷಕರಿಗಿದೆ. ಚಿತ್ರ ಬಂದ ಮೇಲೆ ಅದನ್ನು ಮಗುವಿಗೂ ತೋರಿಸಬೇಕು. ತನ್ನ ಹಲ್ಲನ್ನು ತಾನೇ ಕಂಡ ಮಗು ಮುಂದಿನ ಸಲ ಅಷ್ಟಾಗಿ ಹಿಂಜರಿಯದು.