ಆಲ್ಕೋ ಸದ್ದು ನೆನಪಿದೆಯಾ?

ಅರಸೀಕೆರೆಯಲ್ಲಿ ನಮ್ಮ ತಾತನ ಮನೆ ರೈಲು ಹಳಿಯಿಂದ ಕೂಗಳತೆಯ ದೂರದಲ್ಲಿತ್ತು. ತಾತ ಜಗಲಿ ಮೇಲೆ ಕೂತು, ಗಾಡಿ ಕಣ್ಣಿಗೆ ಬೀಳೋ ಮೊದಲೇ "ಇದು ಗೂಡ್ಸ್ ಕಣೋ, ಲೋಡ್ ಜಾಸ್ತಿ ಇದೆ" ಅನ್ನುತ್ತಿದ್ದರು. ಓಡಿಹೋಗಿ ನೋಡಿದರೆ ಗೂಡ್ಸೇ! ಅದು ಹೇಗೆ ಗೊತ್ತಾಗುತ್ತಿತ್ತು ಅನ್ನೋದು ನನಗೆ ಅರ್ಥವಾಗಿದ್ದು ರೈಲಿನ ಹುಚ್ಚು ಹಿಡಿದ ಮೇಲೆ.

ನಮ್ಮಲ್ಲಿ ಬಹಳ ಜನ ಚಿಕ್ಕಂದಿನಲ್ಲಿ ಕೇಳಿದ ಡೀಸೆಲ್ ಸದ್ದು ಆಲ್ಕೋ ಸದ್ದು. ಆಲ್ಕೋ ಅಂದರೆ ಅಮೆರಿಕನ್ ಲೋಕೋಮೋಟಿವ್ ಕಂಪನಿ, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನದು. ಅವರ ಡಬ್ಲ್ಯುಡಿಎಂ-2 ಎಂಜಿನ್‌ಗಳು ನಮ್ಮ ದೇಶಕ್ಕೆ ಬಂದಿದ್ದು 1962ರಲ್ಲಿ. 16 ಸಿಲಿಂಡರ್, 2600 ಅಶ್ವಶಕ್ತಿ. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯಿಂದ ನಮ್ಮದೇ ಮೊದಲ ಎಂಜಿನ್ ಹೊರಬಂತು. ಮಜಾ ಏನು ಗೊತ್ತಾ? 1969ರಲ್ಲಿ ಆಲ್ಕೋ ಅಮೆರಿಕದಲ್ಲಿ ರೈಲು ಎಂಜಿನ್ ಮಾಡೋದನ್ನೇ ನಿಲ್ಲಿಸಿತು. ಆದರೆ ಅದರ ಗಂಟಲು ಮಾತ್ರ ನಮ್ಮ ಹಳಿಗಳ ಮೇಲೆ ಇನ್ನೂ ದಶಕಗಳ ಕಾಲ ಮೊಳಗುತ್ತಲೇ ಇತ್ತು!

ಸ್ಟೇಷನ್ನಿನಲ್ಲಿ ನಿಂತಾಗ ಗುಡು ಗುಡು, ಗುಡು ಗುಡು... ಒಂದೇ ಲಯ. ಡ್ರೈವರ್ ಹಿಡಿಕೆ ಸರಿಸಿದ ತಕ್ಷಣ ಡೀಸೆಲ್ ಒಳಗೆ ನುಗ್ಗುತ್ತದೆ, ಆದರೆ ಟರ್ಬೋ ಇನ್ನೂ ವೇಗ ಹಿಡಿದಿರುವುದಿಲ್ಲ, ಗಾಳಿ ಸಾಲದು. ಅದಕ್ಕೇ ಭುಸ್ ಅಂತ ಕಪ್ಪು ಹೊಗೆ. ಆಮೇಲೆ ಟರ್ಬೋ ಸಿಳ್ಳೆ ನಿಧಾನಕ್ಕೆ ಏರುತ್ತದೆ. ಈ ಎಂಟು ಮೆಟ್ಟಿಲಿನ ಏರಿಕೆ ಕೇಳೋಕೇ ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲುವ ಹುಚ್ಚರು ನಾವು :)

ಇಲ್ಲೇ ಇದೆ ತಾತನ ಗುಟ್ಟು. ಇದರಲ್ಲಿ ಡೀಸೆಲ್ ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದ ಮೋಟಾರುಗಳು ಚಕ್ರ ತಿರುಗಿಸುತ್ತವೆ. ಹಾಗಾಗಿ ಗಾಡಿ ಆಮೆ ಥರ ತೆವಳುತ್ತಿದ್ದರೂ ಎಂಜಿನ್ ಪೂರ್ತಿ ಗಂಟಲಲ್ಲಿ ಅರಚಬಹುದು. ಸದ್ದು ಜೋರು, ಚಕ್ರದ ಟಕಟಕ ನಿಧಾನ ಅಂದರೆ ಭಾರದ ಗೂಡ್ಸ್. ಅಷ್ಟೇ!

1999ರಲ್ಲಿ ಅಮೆರಿಕದ ಇನ್ನೊಂದು ಕಂಪನಿ ಇಎಂಡಿಯ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಬಂತು. ನಮ್ಮ ಹುಬ್ಬಳ್ಳಿ ಶೆಡ್ಡೇ ಅದರ ಮೊದಲ ಮನೆ. ಆಲ್ಕೋ ಫೋರ್ ಸ್ಟ್ರೋಕ್, ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ಇದು ಟೂ ಸ್ಟ್ರೋಕ್, ಪ್ರತಿ ಸುತ್ತಿಗೂ ಸಿಡಿಯುತ್ತದೆ. ಹಾಗಾಗಿ ಗುಡುಗುಡು ಹೋಗಿ ಒಂದೇ ಸಮನೆ ಝೇಂಕಾರ. ಹೊಗೆಯೂ ಕಡಿಮೆ, ಡೀಸೆಲ್ಲೂ ಉಳಿತಾಯ. ಈಗಂತೂ ಬ್ರಾಡ್‌ಗೇಜಿನ ಬಹುತೇಕ ಎಲ್ಲ ಹಳಿಗಳ ಮೇಲೂ ವಿದ್ಯುತ್ ತಂತಿ ಬಂದಿದೆ, ಅರಸೀಕೆರೆ ದಾರಿಯಲ್ಲೂ. ಒಳ್ಳೆಯದೇ. ಹಳಿ ಪಕ್ಕ ಒಣಗಲು ಹಾಕಿದ ಬಟ್ಟೆಗೆ ಮಸಿ ಹಿಡಿಯೋದನ್ನ ನೋಡಿದವರು ಯಾರೂ ಹೊಗೆ ಬೇಕು ಅನ್ನಲಾರರು.

ಆದರೆ ಸದ್ದು? 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಹಳೇ ಉಗಿ ಎಂಜಿನ್‌ಗಳನ್ನು ಮುಟ್ಟಿ ನೋಡಬಹುದು, ಅವು ಮಾತಾಡೋದಿಲ್ಲ. ಇಂಗ್ಲೆಂಡಿನಲ್ಲಿ ಪೀಟರ್ ಹ್ಯಾಂಡ್‌ಫೋರ್ಡ್ ಅನ್ನುವ ಸಿನಿಮಾ ಸೌಂಡ್ ರೆಕಾರ್ಡಿಸ್ಟ್ ಇದನ್ನು ಮೊದಲೇ ಯೋಚಿಸಿದ್ದರು. 1950ರ ದಶಕದಲ್ಲೇ ಭಾರದ ಟೇಪ್ ಯಂತ್ರ ಹೊತ್ತು ಉಗಿ ಎಂಜಿನ್‌ಗಳ ಸದ್ದು ಹಿಡಿದು, ಗ್ರಾಮಫೋನ್ ತಟ್ಟೆ ಮಾಡಿ ಮಾರಿದರು. ಜನ ಕೊಂಡು ಕೇಳಿದರು! 1968ರ ಆಗಸ್ಟಿನಲ್ಲಿ ಅಲ್ಲಿನ ಮುಖ್ಯ ಹಳಿಗಳಲ್ಲಿ ಉಗಿ ನಿಂತಾಗ ಸದ್ದು ಮಾತ್ರ ಉಳಿದಿತ್ತು. ಮುಂದೆ 'ಔಟ್ ಆಫ್ ಆಫ್ರಿಕಾ' ಚಿತ್ರದ ಧ್ವನಿಗೆ ಆಸ್ಕರ್ ಪಡೆದವರಲ್ಲಿ ಇವರೂ ಒಬ್ಬರು.

ನನ್ನ ಹತ್ತಿರ ಇರೋದು 2008ರಲ್ಲಿ ಹಳೇ ಮೊಬೈಲಿನಲ್ಲಿ ಹಿಡಿದ ನಲವತ್ತು ಸೆಕೆಂಡು. ಗಾಳಿ ಗೊರಗೊರ, ದೂರದಲ್ಲಿ ಆಲ್ಕೋ. ಮಧ್ಯೆ ತಾತನ ಕೆಮ್ಮು, ಆಮೇಲೆ "ಗೂಡ್ಸ್ ಕಣೋ". ಅವತ್ತು 'ಛೇ, ರೆಕಾರ್ಡಿಂಗ್ ಹಾಳಾಯ್ತು' ಅಂದುಕೊಂಡಿದ್ದೆ. ಈಗ ತಾತನೂ ಇಲ್ಲ, ಅಲ್ಲಿ ಆ ಎಂಜಿನ್ನೂ ಇಲ್ಲ. ಆ ಫೈಲನ್ನು ಮೂರು ಕಡೆ ಕಾಪಿ ಮಾಡಿ ಇಟ್ಟಿದ್ದೇನೆ.

ನಿಮ್ಮೂರಿನ ಹಳಿಯಲ್ಲಿ ಯಾವ ಸದ್ದಿತ್ತು? ಇನ್ನೂ ಇದ್ದರೆ ಇವತ್ತೇ ಹಿಡಿದಿಡಿ. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಸುಮ್ಮನಿರಿ ಅನ್ನಬೇಡಿ.