ಅರ್ಧ ಆದ ಕೆಲಸದ ಕಾವಲು

ಕಂಪ್ಯೂಟರಿನ ಫೈಲಿಗೆ 'ಕಡತ' ಎಂಬ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ. ಹಳೆಯ ಕಾಲದ ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಿಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿಟ್ಟು, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸಬಹುದಾದ ಬರಹ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರದೇ ಅಲ್ಲವೆ?

ಕಂಪ್ಯೂಟರಿನೊಳಗೂ ಇಂಥ ಒರೆಸುವ ಬರಹವಿದೆ. ಅದನ್ನು ತಾತ್ಕಾಲಿಕ ಕಡತ ಎನ್ನುತ್ತಾರೆ. ನಾವು ಒಂದು ಪತ್ರ ತಿದ್ದಲು ಕುಳಿತರೆ ಅನೇಕ ವೇಳೆ ಯಂತ್ರ ಮೂಲವನ್ನು ಮುಟ್ಟುವುದಿಲ್ಲ. ನಕಲಿನ ಮೇಲೆ ಕೆಲಸ ನಡೆಸಿ, ಮುಗಿದ ಮೇಲೆ ಅದನ್ನು ಮೂಲದ ಜಾಗದಲ್ಲಿಡುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಕೂಡುಕುಟುಂಬದ ಅಡುಗೆಮನೆಯಲ್ಲಾದರೆ ಒಬ್ಬಳು ಸಾರಿಗೆಂದು ಕಿವುಚಿಟ್ಟ ಹುಣಿಸೆ ರಸವನ್ನು ಇನ್ನೊಬ್ಬಳು ಗೊಜ್ಜಿಗೆ ಸುರಿದುಬಿಡುತ್ತಾಳೆ!

ಅಂಥದ್ದೇ ಪ್ರಸಂಗವೊಂದು ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ನಡೆಯಿತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು 1961ರಲ್ಲಿ ಅಲ್ಲಿ ಮಾಡಿ ತೋರಿಸಿದ್ದರು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕದಿರಲೆಂದು ಗುಪ್ತಪದಗಳೂ ಇದ್ದವು. ಆದರೆ ಬರಹ ತಿದ್ದುವ ಕಾರ್ಯಕ್ರಮ ತನ್ನ ತಾತ್ಕಾಲಿಕ ಕಡತಕ್ಕೆ ಪ್ರತಿ ಸಲವೂ ಒಂದೇ ಹೆಸರಿಡುತ್ತಿತ್ತು. ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಇರುತ್ತಾರೆಂಬ ನಂಬಿಕೆ ಅದಕ್ಕೆ. 1960ರ ದಶಕದ ಮಧ್ಯದಲ್ಲಿ ಒಂದು ಶುಕ್ರವಾರ ಸಂಜೆ, ಒಂದೇ ಖಾತೆಯೊಳಗೆ ಇಬ್ಬರು ಕೆಲಸಕ್ಕೆ ಕುಳಿತರು. ಒಬ್ಬರು ತಿದ್ದುತ್ತಿದ್ದುದು ಅಂದಿನ ಪ್ರಕಟಣೆ, ಇನ್ನೊಬ್ಬರು ತಿದ್ದುತ್ತಿದ್ದುದು ಗುಪ್ತಪದಗಳ ಪಟ್ಟಿ. ಎರಡೂ ಅದಲುಬದಲಾದವು. ಯಂತ್ರಕ್ಕೆ ಬಂದವರಿಗೆಲ್ಲ ಪ್ರಕಟಣೆಯ ಬದಲು ಎಲ್ಲರ ಗುಪ್ತಪದಗಳೂ ಕಾಣಿಸಿದವು! ನೂರಾರು ಗುಪ್ತಪದಗಳನ್ನು ಬದಲಿಸಬೇಕಾಯಿತು. ಯಾರೂ ಕಳ್ಳತನಕ್ಕೆ ಬಂದಿರಲಿಲ್ಲ. ಬೀಗ ಹಾಕಿದ ಮನೆಯಲ್ಲಿ ಅರ್ಧ ಆದ ಕೆಲಸಕ್ಕೆ ಕಾವಲಿರಲಿಲ್ಲ, ಅಷ್ಟೆ.

ಇಂಥ ಗೊಂದಲಕ್ಕೆ ಪರಿಹಾರ ಸರಳವಾದದ್ದೆ. ನೆಲಮಂಗಲದಿಂದ ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ಹೋದರೆ ಯಶವಂತಪುರದ ಆಚೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಡೆಕ್-10 ಜಾತಿಯ ಯಂತ್ರವಿತ್ತು. ಈ ಜಾತಿಯ ಯಂತ್ರಗಳಲ್ಲಿ ತಾತ್ಕಾಲಿಕ ಕಡತದ ಹೆಸರಿನ ಮೊದಲಿಗೆ ಆಯಾ ಕೆಲಸದ ಮೂರಂಕಿಯ ಸಂಖ್ಯೆ ಸೇರಿಸುವ ರೂಢಿ ಇತ್ತು. ಪಾತ್ರೆಯ ಮೇಲೆ ಹೆಸರು ಕೊರೆಸಿದಂತೆ! ಯೂನಿಕ್ಸ್ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸಾರ್ವಜನಿಕ ಜಾಗದಲ್ಲಿ ಯಾರು ಬೇಕಾದರೂ ತಮ್ಮ ಕಡತ ಇಡಬಹುದು, ಆದರೆ ಬೇರೆಯವರದನ್ನು ಅಳಿಸುವಂತಿಲ್ಲ. ಮೇಲ್ವಿಚಾರಕನಿಗೆ ಮಾತ್ರ ಎಲ್ಲದರ ಮೇಲೂ ಕೈಯಿರುತ್ತದೆ. ಅದೂ ಬೇಕು, ನಡುವೆ ನಿಂತುಹೋದ ಕೆಲಸವನ್ನು ಯಾರಾದರೂ ಎತ್ತಬೇಕಲ್ಲ! ಆದ್ದರಿಂದ ಇನ್ನೊಬ್ಬರ ಅರ್ಧ ಕೆಲಸವನ್ನು ಮುಟ್ಟಲೇಬಾರದೆಂದಲ್ಲ. ಮುಟ್ಟಿದವರು ಯಾರೆಂಬುದು ಗೊತ್ತಿರಬೇಕು.

ಇದು ದೂರದ ಮಾತಲ್ಲ. 2002ರ ಹೊತ್ತಿಗೆ ನೆಲಮಂಗಲವೂ ಸೇರಿ ರಾಜ್ಯದ 177 ತಾಲ್ಲೂಕುಗಳಿಗೆ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕೈಬರಹದ ಪಹಣಿ ನಿಂತಿತು. ಖಾತೆ ಬದಲಾವಣೆಯ ಅರ್ಜಿ ಅಂದರೆ ಅರ್ಧ ಆದ ಕೆಲಸವೇ. ಅರ್ಜಿ ಕೊಟ್ಟ ದಿನಕ್ಕೂ ಪಹಣಿಯಲ್ಲಿ ಹೆಸರು ಬೀಳುವ ದಿನಕ್ಕೂ ನಡುವೆ ಅದು ಮೊದಲು ಯಾರದೋ ಮೇಜಿನ ಮೇಲೆ ಮಲಗಿರುತ್ತಿತ್ತು. ಹಿಂದೆ ಬಂದದ್ದು ಮುಂದೆ ಹೋಗುವುದೂ ಇತ್ತು. 'ಭೂಮಿ'ಯಲ್ಲಿ ಮೊದಲು ಬಂದ ಅರ್ಜಿಯೇ ಮೊದಲು ಇತ್ಯರ್ಥವಾಗಬೇಕೆಂಬ ನಿಯಮವನ್ನು ಯಂತ್ರಕ್ಕೇ ಕಲಿಸಿದರು. ಕೆಲಸಕ್ಕೆ ಕೂರುವ ನೌಕರರು ಬೆರಳಚ್ಚು ಒತ್ತಿಯೇ ಒಳಹೋಗಬೇಕಾಯಿತು.

ಆದರೂ ಯಂತ್ರ ಕಾಯುವುದು ತನ್ನೊಳಗೆ ಬಂದದ್ದನ್ನು ಮಾತ್ರ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ಬರೆಸುವ ವಂಶವೃಕ್ಷದಲ್ಲಿ ಮಗಳ ಹೆಸರೇ ಇಲ್ಲದಿದ್ದರೆ ಯಾವ ಗುಪ್ತಪದ ತಾನೆ ಏನು ಮಾಡೀತು? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡಲು ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನನ್ನು ತಿದ್ದಿತು. ಅಷ್ಟರೊಳಗೆ ಮದುವೆಯಾಗಿದ್ದವರು ಅದರಿಂದ ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಸೇರಿಸಿಕೊಂಡಿತು. ಕಾನೂನು ಕೊಟ್ಟ ಪಾಲು ತಪ್ಪಿಹೋಗುವುದು ಸಾಮಾನ್ಯವಾಗಿ ಈ ನಡುವಿನ ದಿನಗಳಲ್ಲೇ. ಮುಗಿದ ಕಾಗದವನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಗಿಯದ ಕಾಗದದ ಬೆನ್ನು ಹತ್ತುವುದನ್ನು ಕಲಿಯಬೇಕು. ಅರ್ಜಿಯ ಸಂಖ್ಯೆ ಕೇಳಿ ಪಡೆಯಿರಿ. ವಂಶವೃಕ್ಷವನ್ನು ಕಣ್ಣಾರೆ ಓದಿ. ತಕರಾರಿಗೆ ಕೊಟ್ಟ ಗಡುವು ಮುಗಿಯುವ ಮೊದಲೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ.