ಪಕ್ಕವಾದ್ಯದವರು ಪರದೇಶಕ್ಕೆ ಹೋದ ಕಥೆ

1983ರಲ್ಲಿ ಮ್ಯೂನಿಕ್‌ನ ಇಸಿಎಂ ಕಂಪನಿ ‘ಜ್ಯೋತಿ’ ಅನ್ನೋ ಎಲ್‌ಪಿ ರೆಕಾರ್ಡ್ ಹೊರತಂದಿತು. ಜಾಝ್ ಕೇಳೋರಿಗೆ ಇಸಿಎಂ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕೀತ್ ಜ್ಯಾರೆಟ್ ಅವರ ಪಿಯಾನೊ, ಯಾನ್ ಗರ್ಬಾರೆಕ್ ಅವರ ಸ್ಯಾಕ್ಸೊಫೋನ್ ಲೋಕಕ್ಕೆ ಕೇಳಿಸಿದ್ದು ಆ ಕಂಪನಿಯಿಂದಲೇ. ‘ಜ್ಯೋತಿ’ಯಲ್ಲಿ ಸ್ಯಾಕ್ಸೊಫೋನ್ ಮತ್ತು ಕೊಳಲು ನುಡಿಸಿದವರು ಬಾಸ್ಟನ್‌ನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ. ಉಳಿದ ನಾಲ್ವರು ಬೆಂಗಳೂರಿನಿಂದ ಹೋದವರು: ಹಾಡಿಗೆ ಆರ್.ಎ. ರಮಾಮಣಿ, ಮೃದಂಗಕ್ಕೆ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಮರಿಯಾನೊ ಹೆಸರಿನ ಜೊತೆಗೇ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಅಂತ ಅಚ್ಚಾಗಿದೆ.

ಇದರಲ್ಲೇನು ವಿಶೇಷ ಅಂತೀರಾ? ನಮ್ಮ ಕಛೇರಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಪೋಸ್ಟರಿನಲ್ಲಿ ಗಾಯಕರ ಹೆಸರು ದಪ್ಪ ಅಕ್ಷರದಲ್ಲಿ, ಮೃದಂಗದವರದು ಅದರ ಕೆಳಗೆ ಸಣ್ಣದಾಗಿ. ‘ತನಿ ಆವರ್ತನ’ ಶುರುವಾಯ್ತು ಅಂದ್ರೆ ಸಭಿಕರಿಗೆ ಕ್ಯಾಂಟೀನಿನ ಕಾಫಿ ನೆನಪಾಗುತ್ತದೆ. ಅಂಥ ಸಾಲಿನಲ್ಲಿ ಕೂತವರು ಯುರೋಪಿನ ರೆಕಾರ್ಡಿನ ಮುಖಪುಟಕ್ಕೆ ಬಂದದ್ದು ಹೇಗೆ ಅನ್ನೋದು ನನಗೆ ಬಹಳ ದಿನದಿಂದ ಕಾಡಿದ ಪ್ರಶ್ನೆ.

ಇಂಥ ಪಯಣ ನಮ್ಮವರದ್ದೇ ಮೊದಲಲ್ಲ. ಬ್ರೆಜಿಲ್‌ನ ಏರ್ಟೊ ಮೊರೇರಾ 60ರ ದಶಕದ ಕೊನೆಗೆ ಅಮೆರಿಕಕ್ಕೆ ಹೋಗಿ ಮೈಲ್ಸ್ ಡೇವಿಸ್ ತಂಡ ಸೇರಿದರು. ಮುಂದಿನ ಸಾಲಿನ ಡ್ರಮ್ಮರ್ ಅಲ್ಲ. ಗಿಲಕಿ, ಗಂಟೆ, ಸೀಟಿ, ಚರ್ಮವಾದ್ಯ ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ಲಯ ಹೊರಡಿಸುವ ಮನುಷ್ಯ. ಅದೇ ದೇಶದ ರೆಸೀಫೆ ಊರಿನ ನಾನಾ ವಾಸ್ಕೊನ್ಸೆಲೋಸ್ ಬಿಲ್ಲಿನಾಕಾರದ ಒಂಟಿ ತಂತಿಯ ಬೆರಿಂಬೌ ಹಿಡಿದು ಪ್ಯಾರಿಸ್, ನ್ಯೂಯಾರ್ಕ್ ಸುತ್ತಿದರು. ಅವರು ಡಾನ್ ಚೆರ್ರಿ ಮತ್ತು ಕಾಲಿನ್ ವಾಲ್ಕಾಟ್ ಜೊತೆ ಕಟ್ಟಿದ ‘ಕೊಡೋನಾ’ ತಂಡದ ರೆಕಾರ್ಡುಗಳೂ ಇಸಿಎಂನವೇ. ವಾಲ್ಕಾಟ್ ತಬಲಾ ಕಲಿತದ್ದು ಉಸ್ತಾದ್ ಅಲ್ಲಾ ರಖಾ ಅವರ ಹತ್ತಿರ. ಅಂದ್ರೆ ಬ್ರೆಜಿಲ್‌ನ ಬಿಲ್ಲು, ಪಂಜಾಬಿನ ತಬಲಾ, ಬೆಂಗಳೂರಿನ ಮೃದಂಗ ಎಲ್ಲವೂ ಆ ಕಾಲಕ್ಕೆ ಒಂದೇ ಬಾಗಿಲಿನಲ್ಲಿ ಹೋಗಿ ಬರುತ್ತಿದ್ದವು.

ಬೆಂಗಳೂರಿನ ಕಥೆ 1964ಕ್ಕೆ ಶುರು. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನಲ್ಲಿ ಲಯವೇ ಮುಖ್ಯ ವಿಷಯ. ಹಾಡುಗಾರರಿಗೆ ಒತ್ತಾಸೆಯಾಗಿ ನಿಲ್ಲೋದಷ್ಟೇ ಅಲ್ಲ, ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ತಾವೇ ತಾವಾಗಿ ಮಾತಾಡಬಲ್ಲವು ಅನ್ನೋದು ಅಲ್ಲಿಯ ನಂಬಿಕೆ. ಮಣಿ ಅವರ ಪತ್ನಿ ರಮಾಮಣಿ ಗಾಯಕಿ, ಜೊತೆಗೆ ಸಂಗೀತ ರಚನೆಕಾರ್ತಿ. ‘ಜ್ಯೋತಿ’ಯ ರಚನೆಗಳು ಅವರದ್ದೇ. ಜರ್ಮನಿಯ ಎಂಬ್ರಿಯೊ ತಂಡ 70ರ ದಶಕದ ಕೊನೆಗೆ ಬಸ್ಸಿನಲ್ಲಿ ನೆಲದ ದಾರಿ ಹಿಡಿದು ಭಾರತಕ್ಕೆ ಬಂದಾಗ ಈ ಕಾಲೇಜಿನವರ ಜೊತೆ ನುಡಿಸಿತು. ಅದರಿಂದ ಹೊರಬಂದವರು ಕಟ್ಟಿದ ‘ಡಿಸ್ಸಿಡೆಂಟನ್’ ತಂಡದ 1982ರ ‘ಜರ್ಮನಿಸ್ತಾನ್’ನಲ್ಲೂ ಬೆಂಗಳೂರಿನವರಿದ್ದಾರೆ. ಮುಂದೆ ಕಲೋನ್‌ನ ಡಬ್ಲ್ಯೂಡಿಆರ್ ಬಿಗ್ ಬ್ಯಾಂಡ್ ಜೊತೆ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ಬಂತು. ಮರಿಯಾನೊ 2009ರಲ್ಲಿ ತೀರಿಕೊಂಡರು, ಮಣಿ 2020ರಲ್ಲಿ.

ಈ ಶಾಲೆಯಿಂದ ಹೊರಟು ಅಲ್ಲೇ ನೆಲೆಯೂರಿದವರೆಂದರೆ ರಮೇಶ್ ಶೋಥಮ್. ಹುಟ್ಟಿದ್ದು ಮದ್ರಾಸಿನಲ್ಲಿ. 70ರ ದಶಕದಲ್ಲಿ ತಮ್ಮ ಸಹೋದರ ಸುರೇಶ್ ಜೊತೆ ‘ಹ್ಯೂಮನ್ ಬಾಂಡೇಜ್’ ಅನ್ನೋ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. ಆಮೇಲೆ ಡ್ರಮ್ಸ್ ಬಾರಿಸುವ ಕೈಗೆ ತವಿಲ್ ಬಂತು. ಅದನ್ನು ಕಲಿತದ್ದು ಬೆಂಗಳೂರಿನ ಇದೇ ಕಾಲೇಜಿನಲ್ಲಿ. ಘಟ, ಖಂಜಿರ, ಮೋರ್ಸಿಂಗ್ ಸೇರಿಕೊಂಡವು. ಆಮೇಲೆ ಯುರೋಪಿಗೆ ಹೋಗಿ ಕಲೋನ್‌ನಲ್ಲಿ ಮನೆ ಮಾಡಿದರು. ಲೆಬನಾನ್‌ನ ಊದ್ ವಾದಕ ರಬೀಹ್ ಅಬು ಖಲೀಲ್ ಅವರ ‘ಬುಕ್ರಾ’, ‘ಅಲ್ ಜದೀದಾ’ ಕೇಳಿ ನೋಡಿ. ಅರಬ್ಬಿ ತಂತಿ, ಅಮೆರಿಕದ ಸ್ಯಾಕ್ಸೊಫೋನ್, ಅವುಗಳ ನಡುವೆ ನಮ್ಮ ಕಡೆಯ ಚರ್ಮ ಮತ್ತು ಮಣ್ಣು. ಮುಂದೆ ‘ಮದ್ರಾಸ್ ಸ್ಪೆಷಲ್’ ಅಂತ ತಮ್ಮದೇ ತಂಡ ಕಟ್ಟಿದರು. ಎಲ್ಲಿ ಕೂರಿಸಿದರೂ ಅಲ್ಲಿಯ ಸಂಗೀತಕ್ಕೆ ಹೊಂದಿಕೊಂಡು, ತನ್ನ ಲೆಕ್ಕ ಬಿಡದ ಆಸಾಮಿ.

ಆ ಲೆಕ್ಕದಲ್ಲೇ ನನ್ನ ಪ್ರಶ್ನೆಗೆ ಉತ್ತರ ಇದೆ ಅಂತ ನನಗನ್ನಿಸುತ್ತದೆ. ದಕ್ಷಿಣದ ತಾಳವಾದ್ಯಗಾರರು ಕೈಗಿಂತ ಮೊದಲು ಬಾಯಲ್ಲಿ ಕಲಿಯುತ್ತಾರೆ. ಅದಕ್ಕೆ ಕೊನ್ನಕೋಲ್ ಅಂತ ಹೆಸರು. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ, ಐದಕ್ಕೆ ತದಿಗಿಣತೊಂ, ಏಳಕ್ಕೆ ತಕಿಟ ತಕದಿಮಿ. ಹದಿನಾರು ಮಾತ್ರೆಯ ಜಾಗದಲ್ಲಿ ಐದೈದರ ಮೂರು ಕಂತು ಕಟ್ಟಿ, ಉಳಿದ ಒಂದನ್ನು ಎಲ್ಲಿ ಇಡೋದು ಅನ್ನೋದರಲ್ಲೇ ಇಡೀ ಆಟ. ಇಎಂಐ ಕಟ್ಟೋ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು! ಇದಕ್ಕೆ ರಾಗ ಗೊತ್ತಿರಬೇಕಿಲ್ಲ, ಭಾಷೆ ಗೊತ್ತಿರಬೇಕಿಲ್ಲ. ಜರ್ಮನ್ ಡ್ರಮ್ಮರ್ ಎದುರು ಕೂತು ಕೈಯಲ್ಲಿ ತಾಳ ಹಾಕ್ತಾ ಹೇಳಿದರೆ ಅವನೂ ಹೇಳ್ತಾನೆ. ಬೆಂಗಳೂರಿನ ಮೃದಂಗ ವಾದಕ ಬಿ.ಸಿ. ಮಂಜುನಾಥ್ ಫಿಬೊನಾಚಿ ಸಂಖ್ಯಾಸರಣಿಯನ್ನು ಕೊನ್ನಕೋಲ್‌ನಲ್ಲಿ ಹೇಳಿದ ವಿಡಿಯೊ ನಿಮ್ಮಲ್ಲಿ ಎಷ್ಟೋ ಮಂದಿಯ ಫೋನಿಗೂ ಬಂದಿರಬಹುದು. ಬಾಯಿಗೆ ಬಂದ ಲಯವನ್ನು ಬರೆದಿಡಬಹುದು, ಸಿಲೆಬಸ್ ಮಾಡಬಹುದು, ಪರೀಕ್ಷೆ ಇಡಬಹುದು. ಅದಕ್ಕೊಂದು ಕಾಲೇಜು ಕಟ್ಟಬಹುದು. ಕಾಲೇಜು ಇದ್ದರೆ ಪರದೇಶದವರು ಹುಡುಕಿಕೊಂಡು ಬರೋಕೆ ಒಂದು ವಿಳಾಸ ಇರುತ್ತದೆ.

ಇಲ್ಲಿಂದ ನನ್ನ ಜಿಲ್ಲೆಗೆ ಬರ್ತೀನಿ, ಯಾಕಂದ್ರೆ ಈ ಪ್ರಶ್ನೆ ನನಗೆ ಹುಟ್ಟಿದ್ದೇ ಅಲ್ಲಿಯ ಸದ್ದಿನಿಂದ. ನಾನು ವಿಜಯಪುರ ಜಿಲ್ಲೆಯವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕು ತಿರುಗಿದರೆ ಚರ್ಮವಾದ್ಯಕ್ಕೆ ಬರವಿಲ್ಲ. ಜಾತ್ರೆಗೆ ಕರಡಿ ಮಜಲು, ಬೀರದೇವರ ಗುಡಿಯಲ್ಲಿ ಡೊಳ್ಳು, ತಾಂಡಾಗಳಲ್ಲಿ ನಗಾರಿ, ಗೀಗೀ ಪದಕ್ಕೆ ದಪ್ಪು, ಹುಟ್ಟಿನಿಂದ ಸಾವಿನ ತನಕ ಹಲಗಿ. ಕರಡಿ ಬಾರಿಸೋರು ಒಂದು ಮಜಲಿನಿಂದ ಇನ್ನೊಂದು ಮಜಲಿಗೆ ದಾಟುವ ಗಳಿಗೆ ಇದೆಯಲ್ಲ, ಅದು ಯಾವ ಜಾಝ್ ಕ್ಲಬ್ಬಿನಲ್ಲಾದರೂ ಜನರನ್ನು ಎದ್ದು ನಿಲ್ಲಿಸುತ್ತದೆ.

ಆದರೆ ಇವು ಹೊರಗೆ ಹೋಗಲಿಲ್ಲ. ಈ ಕಡೆಯ ಜನ ಊರು ಬಿಟ್ಟು ಹೋಗ್ತಾರೆ, ಹೋಗೋದಿಲ್ಲ ಅಂತಲ್ಲ. ಗೋವಾಕ್ಕೆ, ಪುಣೆಗೆ ದುಡಿಯಾಕ ಹೋಗ್ತಾರೆ. ಹಲಗಿ ಮಾತ್ರ ಮನೆಯ ಗೂಟಕ್ಕೆ ನೇತಾಡುತ್ತಿರುತ್ತದೆ.

ಬರೆದಿಟ್ಟವರು ಇರಲಿಲ್ಲವೇ? ಇದ್ದರು. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಊರೂರು ತಿರುಗಿ ಹಾಡು ಕೂಡಿಸಿದರು. 1931ರಲ್ಲಿ ‘ಗರತಿಯ ಹಾಡು’ ಬಂತು, ಅದಾದ ಮೇಲೆ ಲಾವಣಿಗಳ ‘ಜೀವನ ಸಂಗೀತ’. ಅವರು ಆ ಕೆಲಸ ಮಾಡದಿದ್ದರೆ ಆ ಪದಗಳಲ್ಲಿ ಎಷ್ಟೋ ಇವತ್ತು ಇರುತ್ತಿರಲಿಲ್ಲ. ಪದ ಪುಸ್ತಕಕ್ಕೆ ಬಂದವು. ಪದದ ಹಿಂದೆ ಬಾರಿಸಿದ ದಪ್ಪಿನ ಪೆಟ್ಟು ಬರಲಿಲ್ಲ. ಆ ಕಾಲಕ್ಕೆ ಅವರ ಕೈಯಲ್ಲಿದ್ದದ್ದು ಪೆನ್ನು, ಟೇಪ್ ರೆಕಾರ್ಡರ್ ಅಲ್ಲ. ಹಲಗಿಯವರು ಮಕ್ಕಳಿಗೆ ಕಲಿಸೋದೂ ಬಾಯಲ್ಲಿ ಹೇಳಿಯೇ. ಆದರೆ ಆ ಬೋಲುಗಳು ಯಾರ ಸಿಲೆಬಸ್ಸಿಗೂ ಬರಲಿಲ್ಲ.

ಇದಕ್ಕೆ ಕಾರಣ ಬರೀ ಟೇಪ್ ರೆಕಾರ್ಡರ್ ಅಲ್ಲ ಅನ್ನೋದು ನಮಗೆಲ್ಲ ಗೊತ್ತು. ಮೃದಂಗಕ್ಕೂ ದನ, ಎಮ್ಮೆ, ಆಡಿನ ಚರ್ಮವೇ ಬೇಕು. ಅದನ್ನು ಹದ ಮಾಡಿ ಬಿಗಿಯುವ ದಲಿತ ಕುಶಲಕರ್ಮಿಗಳ ಹೆಸರು ಬಹುಪಾಲು ಜನರಿಗೆ ತಿಳಿದದ್ದು 2020ರಲ್ಲಿ, ಟಿ.ಎಂ. ಕೃಷ್ಣ ಅವರ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಬಂದಾಗ. ಅದೇ ಚರ್ಮ ಒಂದು ಕಡೆ ಸಭಾಂಗಣದ ವೇದಿಕೆ ಹತ್ತಿತು, ಇನ್ನೊಂದು ಕಡೆ ಗುಡಿಯ ಹೊರಗೇ ನಿಂತಿತು. ಮಾದಾರ ಚೆನ್ನಯ್ಯನನ್ನು ತನ್ನವನೆಂದು ಹೇಳಿಕೊಂಡ ಬಸವಣ್ಣ ಹುಟ್ಟಿದ ತಾಲೂಕಿನಲ್ಲೇ ಈ ಗೆರೆ ಅಳಿಸಿಲ್ಲ.

ಹಾಗಂತ ‘ಅಯ್ಯೋ, ಹಲಗಿ ಬಾರಿಸೋರು ಕಡಿಮೆಯಾದರು’ ಅಂತ ಕೊರಗೋದು ನನಗೆ ಸರಿ ಕಾಣೋದಿಲ್ಲ. ಹೆಣದ ಮುಂದೆ ಬಾರಿಸೋದು, ಡಂಗುರ ಸಾರೋದು ಜಾತಿ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಅದನ್ನು ಒಲ್ಲೆ ಅಂದವರು ಸರಿಯಾದದ್ದನ್ನೇ ಮಾಡಿದರು. 70ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಹೋರಾಟಗಳಲ್ಲಿ ಅದೇ ತಮಟೆ, ಅದೇ ಹಲಗೆ ಬೇರೆ ಮಾತು ಆಡಿದವು. ನನ್ನ ಕಿವಿಯ ಆಸೆಗೆ ಇನ್ನೊಬ್ಬರ ಮಗನನ್ನು ಹಲಗಿಗೆ ಕಟ್ಟಿಹಾಕುವ ಹಕ್ಕು ನನಗಿಲ್ಲ. ಬಾರಿಸ್ತೀನಿ ಅನ್ನೋ ಹುಡುಗ ಹುಡುಗಿಗೆ, ಅವರು ಯಾವ ಓಣಿಯವರೇ ಆಗಿರಲಿ, ಗುರು, ಪಾಠ, ಸಂಭಾವನೆ ಸಿಗುವ ಹಾಗೆ ಮಾಡೋದು ಮಾತ್ರ ಆಗೋ ಕೆಲಸ. ಬೆಂಗಳೂರಿನ ಆ ಕಾಲೇಜು ತೋರಿಸಿಕೊಟ್ಟಿದ್ದೂ ಅಷ್ಟೇ. ವಾದ್ಯಕ್ಕೆ ಮೊದಲು ಊರಲ್ಲೇ ಒಂದು ಮರ್ಯಾದೆಯ ಜಾಗ ಆಗಬೇಕು, ಮ್ಯೂನಿಕ್ ಆಮೇಲೆ.

ನಮ್ಮ ಕಡೆಯ ಜಾತ್ರೆಯ ಕರಪತ್ರ ನೋಡಿದ್ದೀರಾ? ಅನ್ನ ಸಂತರ್ಪಣೆ ಮಾಡಿಸಿದವರ ಹೆಸರು, ಹೂವಿನ ಹಾರ ಕೊಟ್ಟವರ ಹೆಸರು, ಶಾಸಕರ ಫೋಟೊ ಎಲ್ಲ ಇರುತ್ತದೆ. ಬಾರಿಸೋರ ಪಾಲಿಗೆ ಒಂದೇ ಸಾಲು: ‘ಸಕಲ ವಾದ್ಯ ವೈಭವಗಳೊಂದಿಗೆ.’ 1983ರ ಆ ರೆಕಾರ್ಡಿನಲ್ಲಿ ಖಂಜಿರದವರಿಗೂ ಹೆಸರಿತ್ತು. ಮುಂದಿನ ಜಾತ್ರೆಗೆ ಊರಿನ ಕಮಿಟಿಯವರು ವಾಟ್ಸಾಪ್‌ನಲ್ಲಿ ಪಟ್ಟಿ ಕೇಳಿದಾಗ ಕರಡಿಯವರ, ಹಲಗಿಯವರ ಹೆಸರು ಬರೆದು ಕಳಿಸಿ.